ಅಮೀರ್‌ಬಾಯಿಯ ದನಿ ಕಂಪ್ಯೂಟರಿಗೆ ಬಂದ ದಾರಿ



ನಿಮ್ಮ ಮನೆಯ ಅಲಮಾರಿನಲ್ಲಿ ಹತ್ತಿಪ್ಪತ್ತು ಹಾಡಿನ ಸಿಡಿಗಳು ಇನ್ನೂ ಇರಬಹುದು. ಕವ್ವಾಲಿ, ನಾತ್, ತತ್ವಪದ, ಹಳೆಯ ಸಿನಿಮಾ ಗೀತೆ. ಇವನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಯಾವ ತಂತ್ರಾಂಶ ಒಳ್ಳೆಯದು? ಈ ಪ್ರಶ್ನೆಗೂ ಒಂದು ಇತಿಹಾಸವಿದೆ. ನಮ್ಮ ನಾಡಿನ ಒಬ್ಬ ಗಾಯಕಿಯನ್ನು ಜೊತೆಗಿಟ್ಟುಕೊಂಡು ಹೇಳಿದರೆ ಅದು ಬೇಗ ಅರ್ಥವಾದೀತು.

ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯಿಂದ ಮುಂಬಯಿಗೆ ಹೋಗಿ ಹೆಸರು ಮಾಡಿದವರು ಅಮೀರ್‌ಬಾಯಿ ಕರ್ನಾಟಕಿ. 1943ರಲ್ಲಿ ಬಂದ 'ಕಿಸ್ಮತ್' ಚಿತ್ರದ ಹಾಡುಗಳಿಂದ ಅವರು ದೇಶಕ್ಕೆಲ್ಲ ಪರಿಚಿತರಾದರು. 1965ರಲ್ಲಿ ತೀರಿಕೊಂಡರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದ ರಹಮತ್ ತರೀಕೆರೆಯವರು ಅವರ ಜೀವನ ಚರಿತ್ರೆ ಬರೆದಿದ್ದಾರೆ. ನಮ್ಮ ವಿದ್ಯಾರ್ಥಿಗಳು ಓದಲೇಬೇಕು.

ಅವರ ಕಾಲದ ಗ್ರಾಮಫೋನ್ ತಟ್ಟೆ ನಿಮಿಷಕ್ಕೆ 78 ಸುತ್ತು ತಿರುಗುತ್ತಿತ್ತು. ಒಂದು ಬದಿಗೆ ಹಿಡಿಯುತ್ತಿದ್ದುದು ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚು ಅಷ್ಟೇ. ಮುಳ್ಳು ಓಡಿದಷ್ಟೂ ತಟ್ಟೆ ಸವೆಯುತ್ತಿತ್ತು. ಆಮೇಲೆ ಕ್ಯಾಸೆಟ್ ಬಂತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಾಗಲೆಲ್ಲ ಒಂದಿಷ್ಟು ಗೊರಗೊರ ಸದ್ದು ಸೇರುತ್ತಿತ್ತು, ದನಿ ಮಂಕಾಗುತ್ತಿತ್ತು. ಅಂದರೆ ನಕಲು ಎಂದರೇ ನಷ್ಟ.

1982ರಲ್ಲಿ ಸೋನಿ ಮತ್ತು ಫಿಲಿಪ್ಸ್ ಸಂಸ್ಥೆಗಳ ಸಿಡಿ ಮಾರುಕಟ್ಟೆಗೆ ಬಂದಾಗ ಈ ಲೆಕ್ಕ ಬದಲಾಯಿತು. ಸಿಡಿಯಲ್ಲಿ ಇರುವುದು ಅಂಕಿಗಳು. ದನಿಯನ್ನು ಸೆಕೆಂಡಿಗೆ 44,100 ಸಲ ಅಳೆದು ಬರೆದಿಟ್ಟ ಅಂಕಿಗಳನ್ನು ಒಂದೂ ತಪ್ಪದಂತೆ ಎತ್ತಿಕೊಂಡರೆ ನಕಲಿಗೂ ಮೂಲಕ್ಕೂ ಭೇದವೇ ಇಲ್ಲ.

ಆದರೆ ತಪ್ಪದಂತೆ ಎತ್ತಿಕೊಳ್ಳುವುದೇ ಕಷ್ಟ. ಕಂಪ್ಯೂಟರ್ ಕಡತಗಳ ಸಿಡಿಯಲ್ಲಿ ತಪ್ಪು ತಿದ್ದುವುದಕ್ಕೆಂದೇ ಹೆಚ್ಚುವರಿ ಅಂಕಿಗಳಿರುತ್ತವೆ. ಹಾಡಿನ ಸಿಡಿಯಲ್ಲಿ ಆ ಭದ್ರತೆ ಕಡಿಮೆ. ಗೀರು ಬಿದ್ದ ಜಾಗದಲ್ಲಿ ಯಂತ್ರ ಅಂದಾಜಿನ ಅಂಕಿ ತುಂಬಿ ಮುಂದೆ ಹೋಗುತ್ತದೆ, ನಮಗೆ ತಿಳಿಸುವುದೂ ಇಲ್ಲ. ಜರ್ಮನಿಯ ಆಂಡ್ರೆ ವೀಥಾಫ್ ಅವರು 1998ರ ಸುಮಾರಿಗೆ ಹೊರತಂದ 'ಎಕ್ಸಾಕ್ಟ್ ಆಡಿಯೊ ಕಾಪಿ' ಈ ಚಾಳಿಗೆ ತಡೆ ಹಾಕಿತು. ಅದು ಪ್ರತಿ ತುಣುಕನ್ನೂ ಎರಡೆರಡು ಸಲ ಓದಿ ಹೋಲಿಸುತ್ತದೆ. ತಾಳೆಯಾಗದಿದ್ದರೆ ಮತ್ತೆ ಮತ್ತೆ ಓದುತ್ತದೆ. ಆಗಲೂ ಆಗದಿದ್ದರೆ ಯಾವ ಹಾಡಿನ ಯಾವ ಕ್ಷಣದಲ್ಲಿ ಸಂಶಯವಿದೆ ಎಂದು ಬರೆದು ಕೊಡುತ್ತದೆ. ನಿಧಾನ ನಿಜ. ಹಾಫಿಜರು ಪಾಠ ಒಪ್ಪಿಸಿಕೊಳ್ಳುವ ಕ್ರಮ ನೆನಪಾಗುತ್ತದೆ!

ಆದರೆ ನಮ್ಮಲ್ಲಿ ಹೆಚ್ಚಿನವರು ಬಳಸಿದ್ದು ಕಂಪ್ಯೂಟರಿನೊಂದಿಗೇ ಬಂದ ವಿಂಡೋಸ್ ಮೀಡಿಯಾ ಪ್ಲೇಯರನ್ನು. 2004ರ ಹತ್ತನೆಯ ಆವೃತ್ತಿಯವರೆಗೆ ಅದು ತಾನಾಗಿ ಎಂಪಿ3 ಮಾಡಿಕೊಡುತ್ತಿರಲಿಲ್ಲ, ತನ್ನದೇ ಡಬ್ಲ್ಯುಎಂಎ ಮಾದರಿಯಲ್ಲಿ ಇಡುತ್ತಿತ್ತು. ಹಾಡಿಗೆ ಬೀಗ ಹಾಕುವ ಆಯ್ಕೆಯೂ ಅದರಲ್ಲಿತ್ತು. ಗಮನಿಸದೆ ಅದನ್ನು ಹಾಗೇ ಬಿಟ್ಟವರು ವಿಂಡೋಸನ್ನು ಮತ್ತೊಮ್ಮೆ ಹಾಕಿಸಿದಾಗ, ಪರವಾನಗಿಯ ಪ್ರತಿ ಇಟ್ಟುಕೊಂಡಿರದಿದ್ದರೆ, ತಾವೇ ಕೊಂಡ ಸಿಡಿಯ ಹಾಡನ್ನು ಕೇಳಲಾರದೆ ಹೋದರು.

ಎಂಪಿ3 ಗೆದ್ದದ್ದಕ್ಕೆ ಕಾರಣ ಜಾಗ. ಸಿಡಿಯ ಹಾಡು ನಿಮಿಷಕ್ಕೆ ಸುಮಾರು 10 ಎಂಬಿ. 20 ಜಿಬಿಯ ಹಾರ್ಡ್ ಡಿಸ್ಕಿನಲ್ಲಿ ಮೂವತ್ತು ಸಿಡಿಯೂ ಹಿಡಿಯದು. ಎಂಪಿ3 ಅದನ್ನು 1 ಎಂಬಿಗೆ ಇಳಿಸಿತು, ಕಿವಿಗೆ ಅಷ್ಟಾಗಿ ಕೇಳದ ಅಂಶಗಳನ್ನು ಬಿಸಾಡಿ. ಬಿಸಾಡಿದ್ದು ಮತ್ತೆ ಬಾರದು. 2001ರಲ್ಲಿ ಬಂದ ಫ್ಲ್ಯಾಕ್ ಏನನ್ನೂ ಬಿಸಾಡದೆ ಗಾತ್ರವನ್ನು ಹೆಚ್ಚುಕಡಿಮೆ ಅರ್ಧಕ್ಕೆ ತರುತ್ತದೆ, ಉಚಿತವೂ ಹೌದು. ಡಿಸ್ಕು ಅಗ್ಗವಾದ ಈ ದಿನಗಳಲ್ಲಿ ನನ್ನ ಮತ ಫ್ಲ್ಯಾಕಿಗೇ.

ಇನ್ನು ಹೆಸರಿನ ಮಾತು. ಉರ್ದು, ಕನ್ನಡ ಎರಡನ್ನೂ ಕಲಿಸುವ ನನಗೆ ಇದೇ ಹೆಚ್ಚು ಮುಖ್ಯ. ಬಹುತೇಕ ಹಾಡಿನ ಸಿಡಿಗಳಲ್ಲಿ ಹಾಡುಗಾರರ ಹೆಸರು ಅಂಕಿರೂಪದಲ್ಲಿ ಇರುವುದಿಲ್ಲ; ಇಳಿಸಿದಾಗ 'ಟ್ರ್ಯಾಕ್ 1, ಟ್ರ್ಯಾಕ್ 2' ಎಂದಷ್ಟೇ ಬರುತ್ತದೆ. 1996ರಲ್ಲಿ ಎಂಪಿ3 ಕಡತಕ್ಕೆ ಹೆಸರು ಅಂಟಿಸುವ ಮೊದಲ ಪದ್ಧತಿ ಹುಟ್ಟಿದಾಗ ಗಾಯಕರ ಹೆಸರಿಗೆ 30 ಬೈಟ್ ಜಾಗ ಇಟ್ಟರು. ಇಂಗ್ಲಿಷಿಗೆ ಅದು 30 ಅಕ್ಷರ. ಇಂದಿನ ಯೂನಿಕೋಡಿನ ಸಾಮಾನ್ಯ ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಚಿಹ್ನೆಗೂ, ಪ್ರತಿ ಕೊಂಬು ದೀರ್ಘಕ್ಕೂ 3 ಬೈಟ್ ಬೇಕು. 'ಅಮೀರ್‌ಬಾಯಿ' ಎನ್ನುವಷ್ಟರಲ್ಲಿ ಜಾಗ ಮುಗಿಯುತ್ತದೆ, 'ಕರ್ನಾಟಕಿ' ಹೊರಗುಳಿಯುತ್ತದೆ! 1998ರ ಎರಡನೆಯ ಪದ್ಧತಿ ಮತ್ತು ಫ್ಲ್ಯಾಕ್ ಎರಡರಲ್ಲೂ ಈ ಇಕ್ಕಟ್ಟಿಲ್ಲ. ಕನ್ನಡ, ಉರ್ದು ಎರಡೂ ಲಿಪಿಯಲ್ಲಿ ಪೂರ್ತಿ ಹೆಸರು ಬರೆಯಬಹುದು.

ಕಾನೂನಿನ ವಿಷಯ ಚಿಕ್ಕದು. 2012ರ ತಿದ್ದುಪಡಿಯ ನಂತರ ನಮ್ಮ ಕೃತಿಸ್ವಾಮ್ಯ ಕಾಯಿದೆ ಸ್ವಂತ ಬಳಕೆಗೆ ನ್ಯಾಯವಾದ ಮಿತಿಯಲ್ಲಿ ಅವಕಾಶ ಕೊಡುತ್ತದೆ. ನಕಲು ಮಾರುವುದು ಅಪರಾಧ.

ಇಂದಿನ ಲ್ಯಾಪ್‌ಟಾಪುಗಳಲ್ಲಿ ಸಿಡಿ ಡ್ರೈವ್ ಇರುವುದು ಅಪರೂಪ, ಯುಎಸ್‌ಬಿಗೆ ಸಿಕ್ಕಿಸುವ ಡ್ರೈವ್ ಸಾಕು. ಮೊದಲು ಅಂಗಡಿಯಿಂದ ತಂದ ಸಿಡಿಗಳನ್ನು ಬದಿಗಿಡಿ. ಶಾಲೆಯ ವಾರ್ಷಿಕೋತ್ಸವ, ಮುಶಾಯಿರಾ, ಮನೆಯ ಹಿರಿಯರ ಕಿರಾಅತ್, ನಿಕಾಹಿನ ದಿನದ ಹಾಡು ಇವನ್ನು ನಾವೇ ಬರೆಸಿಕೊಂಡ ಸಿಡಿಗಳನ್ನು ಎತ್ತಿಕೊಳ್ಳಿ. ಅವುಗಳಲ್ಲಿ ಅಂಕಿಗಳು ನಿಂತಿರುವುದು ಒಂದು ತೆಳುವಾದ ಬಣ್ಣದ ಪದರದಲ್ಲಿ. ಬಿಸಿಲಿಗೆ, ಕಾವಿಗೆ ಅದು ಕೆಡುತ್ತದೆ. ತೋರಣಗಲ್ಲಿನ ಬೇಸಿಗೆ ಎಂಥದ್ದೆಂದು ನಿಮಗೆ ಹೇಳಬೇಕಿಲ್ಲ. ಅಮೀರ್‌ಬಾಯಿಯ ದನಿಗೆ ದೇಶದ ತುಂಬ ಪ್ರತಿಗಳಿವೆ, ನಿಮ್ಮ ಅಜ್ಜನ ದನಿಗೆ ಇರುವುದು ಆ ಒಂದೇ ಸಿಡಿ.