ಮಡಿಕೆಯೊಳಗಿನ ಶುಭಾಶಯ

ಯುಗಾದಿಗೆ ಇನ್ನೂ ವಾರವಿರುವಾಗಲೇ ನನ್ನ ಅಕ್ಕನಿಂದ ಒಂದು ಲಕೋಟೆ ಬರುತ್ತಿತ್ತು. ಮದುವೆಯಾಗಿ ದೂರದ ಊರಿಗೆ ಹೋದ ಮೊದಲ ವರ್ಷದಿಂದಲೂ ಆಕೆ ಈ ಪದ್ಧತಿಯನ್ನು ತಪ್ಪಿಸಿದವಳಲ್ಲ. ಅಂಗಡಿಯ ಶುಭಾಶಯ ಪತ್ರವನ್ನು ಕೊಂಡು ಕಳಿಸಿದವಳೂ ಅಲ್ಲ. ಹಳೆಯ ಕ್ಯಾಲೆಂಡರಿನ ಹಾಳೆಯನ್ನು ಚೌಕವಾಗಿ ಕತ್ತರಿಸಿ, ಅದರ ಬಿಳಿಯ ಬೆನ್ನಿನ ಮೇಲೆ ಬರೆದು, ದೇವಸ್ಥಾನದಲ್ಲಿ ಕುಂಕುಮ ಕಟ್ಟಿಕೊಡುವ ಪೊಟ್ಟಣದಂತೆ ನಾಲ್ಕು ಮಡಿಕೆಗಳನ್ನೂ ಒಂದರಡಿಗೊಂದು ಸಿಕ್ಕಿಸಿರುತ್ತಿದ್ದಳು. ಅಂಟಿಲ್ಲ, ದಾರವಿಲ್ಲ. ಮೊದಲನೆಯ ಮಡಿಕೆಯನ್ನು ಬಿಡಿಸಿದರೆ ನನ್ನ ಹೆಸರು. ಎರಡನೆಯದರಲ್ಲಿ ಮಕ್ಕಳ ಸುದ್ದಿ. ಮೂರನೆಯದರಲ್ಲಿ, ಕಾಗದ ಬರೆಯದೆ ಕುಳಿತ ತಮ್ಮನಿಗೆ ತಪ್ಪದೆ ಒಂದು ಬೈಗುಳ. ನಾಲ್ಕನೆಯದರಲ್ಲಿ ಹಬ್ಬದ ಹಾರೈಕೆ. ಎಲ್ಲವನ್ನೂ ತೆರೆದ ಮೇಲೆ ನಟ್ಟನಡುವೆ ನಾಲ್ಕು ಒಣಗಿದ ಬೇವಿನ ಹೂ, ಅದರ ಪಕ್ಕದಲ್ಲಿ, ‘ಬೆಲ್ಲವನ್ನು ನೀನೇ ಹಾಕಿಕೊ’ ಎಂಬ ಒಂದು ಸಾಲು.

ಇದು ಅಕ್ಕನ ಸ್ವಂತ ಕಲ್ಪನೆಯೆಂದೇ ಬಹುಕಾಲ ನಂಬಿದ್ದೆ. ಒಮ್ಮೆ ಗ್ರಂಥಾಲಯದಲ್ಲಿ ಅಂಚೆಯ ಇತಿಹಾಸವನ್ನು ಕುರಿತ ಪುಸ್ತಕವೊಂದನ್ನು ತಿರುವಿ ಹಾಕುತ್ತಿದ್ದಾಗ, 18ನೆಯ ಶತಮಾನದ ಇಂಗ್ಲೆಂಡಿನ ಒಂದು ಪ್ರೇಮಪತ್ರದ ಚಿತ್ರ ಕಣ್ಣಿಗೆ ಬಿತ್ತು. ನೋಡುತ್ತೇನೆ, ಅಕ್ಕನ ಪೊಟ್ಟಣದ ಒಡಹುಟ್ಟು! ಅದನ್ನು ಅವರು ‘ಪಜಲ್ ಪರ್ಸ್’ ಎನ್ನುತ್ತಾರೆ. ಒಗಟಿನ ಚೀಲ ಎನ್ನೋಣ. ಮಾಡುವ ಬಗೆ ಸರಳ. ಚೌಕದ ಹಾಳೆಯನ್ನು ಎರಡು ದಿಕ್ಕಿನಲ್ಲೂ ಮೂರು ಮೂರು ಪಾಲಾಗಿ ಮಡಿಸಿ ಗೆರೆ ಎಬ್ಬಿಸಿದರೆ ಒಂಬತ್ತು ಮನೆಗಳಾಗುತ್ತವೆ. ನಡುಮನೆಯನ್ನು ಬಿಟ್ಟು ಸುತ್ತಲಿನ ಕಾಗದವನ್ನು ಒಂದೇ ದಿಕ್ಕಿಗೆ ತಿರುಚಿ ಒತ್ತಿದರೆ ಮಕ್ಕಳ ಗಿರಿಗಿಟ್ಟಲೆಯ ಆಕಾರ ಬರುತ್ತದೆ. ಅದರ ನಾಲ್ಕು ರೆಕ್ಕೆಗಳನ್ನು ನಡುವಿಗೆ ಮಡಿಸಿ, ಕೊನೆಯದನ್ನು ಮೊದಲನೆಯದರ ಅಡಿಗೆ ತೂರಿಸಿದರೆ ಮುಗಿಯಿತು. ಒಂದೊಂದು ಮಡಿಕೆಯ ಮೇಲೂ ಪ್ರೇಮಿಯು ಹೃದಯವನ್ನೋ ಹೂಬಳ್ಳಿಯನ್ನೋ ಚಿತ್ರಿಸಿ, ಪದ್ಯ ಬರೆದು, ಓದುವ ಕ್ರಮ ತಪ್ಪದಿರಲೆಂದು ಪದ್ಯಗಳಿಗೆ ಸಂಖ್ಯೆ ಹಾಕುವುದೂ ಉಂಟು. ಪೆನ್ಸಿಲ್ವೇನಿಯಾದಲ್ಲಿ ನೆಲೆಸಿದ ಜರ್ಮನ್ ಮನೆತನಗಳಲ್ಲಿಯೂ ಈ ಬಗೆಯ ಪತ್ರಗಳು ಉಳಿದುಬಂದಿವೆ. ಚಪ್ಪಟೆಯ ಹಾಳೆಯನ್ನು ಒಂದೇ ನೋಟದಲ್ಲಿ ನೋಡಿಬಿಡಬಹುದು. ಇದನ್ನು ಹಾಗೆ ನೋಡಲಾಗದು; ಬರೆದವನು ಗೊತ್ತುಮಾಡಿದ ಕ್ರಮದಲ್ಲಿ, ಅವನು ಗೊತ್ತುಮಾಡಿದ ನಿಧಾನದಲ್ಲಿಯೇ ಓದಬೇಕು.

ಕಾಗದ ಮಡಿಸುವುದರಲ್ಲಿ ಆ ಕಾಲದವರಿಗೆ ಅಷ್ಟು ಪಳಗಿದ ಕೈ ಬಂದದ್ದಾದರೂ ಹೇಗೆ? ಅಂಚೆಯ ದರದಿಂದ ಎಂದರೆ ನೀವು ನಗಬಹುದು. 1840ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಅಂಚೆಯ ಹಣವನ್ನು ಹೋಗಬೇಕಾದ ದೂರವನ್ನೂ ಹಾಳೆಗಳ ಎಣಿಕೆಯನ್ನೂ ನೋಡಿ ಗೊತ್ತುಮಾಡುತ್ತಿದ್ದರು. ಲಕೋಟೆಯೂ ಒಂದು ಹಾಳೆಯೇ. ಅದನ್ನು ಬಳಸಿದರೆ ಹಣ ಇಮ್ಮಡಿ. ಆದಕಾರಣ ಪತ್ರವು ತನ್ನನ್ನು ತಾನೇ ಹೊದ್ದು, ತನಗೆ ತಾನೇ ಬೀಗ ಹಾಕಿಕೊಂಡು ಹೊರಡಬೇಕಾಗಿತ್ತು. ಮಡಿಕೆ ಎಂಬುದು ಮೊದಲಿಗೆ ಅಲಂಕಾರವಲ್ಲ, ಕಾವಲು. ಸ್ಕಾಟ್ಲೆಂಡಿನ ರಾಣಿ ಮೇರಿ ತನ್ನ ಶಿರಚ್ಛೇದಕ್ಕೆ ಕೆಲವೇ ಗಂಟೆಗಳ ಮುಂಚೆ, 1587ರ ಫೆಬ್ರವರಿ 8ರ ನಡುರಾತ್ರಿ ಕಳೆದ ಮೇಲೆ, ಫ್ರಾನ್ಸಿನ ದೊರೆಗೆ ಬರೆದ ಪತ್ರವನ್ನು ಅದೇ ಹಾಳೆಯ ಅಂಚಿನಿಂದ ಸೀಳಿದ ಪಟ್ಟಿಯೊಂದರಿಂದಲೇ ಹೊಲಿದಂತೆ ಭದ್ರಪಡಿಸಿದ್ದಳು. ಆ ಪಟ್ಟಿಯನ್ನು ಹರಿಯದೆ ಪತ್ರ ತೆರೆಯುವಂತಿರಲಿಲ್ಲ. ನಡುದಾರಿಯಲ್ಲಿ ಯಾರಾದರೂ ತೆರೆದರೆ ಗುಟ್ಟು ತಾನಾಗಿ ರಟ್ಟಾಗುತ್ತಿತ್ತು.

ಹೇಗ್ ನಗರದ ಅಂಚೆಯ ಮುಖ್ಯಸ್ಥನಾಗಿದ್ದ ಬ್ರಿಯೆನ್ ಎಂಬಾತನ ಪೆಟ್ಟಿಗೆಯೊಂದರಲ್ಲಿ, ಪಡೆಯುವವರಿಗೆ ತಲುಪದೆ ಉಳಿದ ಸುಮಾರು 2600 ಪತ್ರಗಳಿವೆ. ಅಂದು ಅಂಚೆಯ ಹಣ ಕೊಡಬೇಕಾದವನು ಪಡೆಯುವವನು. ಆಸಾಮಿ ಸಿಗದಿದ್ದರೆ, ಅಥವಾ ಬೇಡವೆಂದರೆ, ಪತ್ರ ಪೆಟ್ಟಿಗೆಗೆ ಬೀಳುತ್ತಿತ್ತು. ಅವುಗಳಲ್ಲಿ ಸುಮಾರು 600 ಪತ್ರಗಳ ಮಡಿಕೆಯನ್ನು ಯಾರೂ ಬಿಡಿಸಿರಲೇ ಇಲ್ಲ. 1697ರ ಜುಲೈ 31ರಂದು ಬರೆದ ಒಂದು ಪತ್ರವನ್ನು ಕೈಯಿಂದ ತೆರೆಯದೆಯೇ, ಎಕ್ಸ್-ಕಿರಣಗಳಿಂದ ಪದರ ಪದರವಾಗಿ ನೋಡಿ, ಗಣಕಯಂತ್ರದೊಳಗೆ ಬಿಡಿಸಿ ಓದಿದ ಸಂಗತಿ 2021ರಲ್ಲಿ ಪ್ರಕಟವಾಯಿತು. ಒಳಗಿದ್ದುದು ಗೂಢಚಾರರ ಗುಟ್ಟಲ್ಲ. ತಮ್ಮ ಬಂಧುವೊಬ್ಬನ ಮರಣಪತ್ರದ ನಕಲನ್ನು ಕಳುಹಿಸಿಕೊಡೆಂದು ಒಬ್ಬಾತ ಮಾಡಿಕೊಂಡ ಕೋರಿಕೆ. ಆ ಕೋರಿಕೆ ಮೂರು ಶತಮಾನಕ್ಕೂ ಮೀರಿ ಮಡಿಕೆಯೊಳಗೇ ಕಾದಿತ್ತು.

1840ರಲ್ಲಿ ಪೆನ್ನಿ ಅಂಚೆ ಬಂದಿತು. ದೂರ ಎಷ್ಟೇ ಇರಲಿ, ಅರ್ಧ ಔನ್ಸಿನವರೆಗೆ ಒಂದು ಪೆನ್ನಿ. ಹಾಳೆಗಳ ಎಣಿಕೆ ಹೋಗಿ ತೂಕ ಬಂದದ್ದರಿಂದ ಲಕೋಟೆ ಎಲ್ಲರ ಕೈಗೆಟುಕಿತು. 1851ರ ಲಂಡನ್ನಿನ ಮಹಾ ಪ್ರದರ್ಶನದಲ್ಲಿ ಲಕೋಟೆ ಮಡಿಸುವ ಯಂತ್ರವನ್ನೇ ಜನ ನಿಂತು ನೋಡಿದರು. ಕಾಯುವ ಹೊಣೆ ಲಕೋಟೆಗೆ ಹೋದ ಮೇಲೆ ಒಳಗಿನ ಕಾಗದಕ್ಕೆ ಮಡಿಕೆ ಬೇಡವಾಯಿತು. ಪೆನ್ನಿ ಅಂಚೆಗಾಗಿ ದುಡಿದವರಲ್ಲಿ ಒಬ್ಬನಾದ ಹೆನ್ರಿ ಕೋಲ್, 1843ರಲ್ಲಿ ಚಿತ್ರಕಾರ ಹಾರ್ಸ್ಲಿಯಿಂದ ಚಿತ್ರ ಬರೆಸಿ ಕ್ರಿಸ್ಮಸ್ ಶುಭಾಶಯ ಪತ್ರದ ಸುಮಾರು ಸಾವಿರ ಪ್ರತಿಗಳನ್ನು ಅಚ್ಚು ಮಾಡಿಸಿದನು. ಅದು ಮಡಿಕೆಯಿಲ್ಲದ ಒಂದೇ ಚೂರು ರಟ್ಟು. ಬೆಲೆ ಒಂದು ಷಿಲಿಂಗ್, ಎಂದರೆ ಅಂಚೆಯ ವೆಚ್ಚದ ಹನ್ನೆರಡರಷ್ಟು. ಚಿತ್ರದಲ್ಲಿ ಎಳೆಯ ಮಗುವಿಗೂ ದ್ರಾಕ್ಷಾರಸ ಕುಡಿಸಿದ್ದಾರೆಂದು ಪಾನವಿರೋಧಿಗಳು ಗದ್ದಲವೆಬ್ಬಿಸಿದರು. ಶುಭಾಶಯ ಕೋರುವುದೂ ಸುಲಭದ ಕೆಲಸವಲ್ಲ, ನೋಡಿ.

ಮಡಿಕೆ ಮತ್ತೆ ಬಂದಿತು. ಆದರೆ ಬೇರೆ ವೇಷದಲ್ಲಿ. ಅಮೆರಿಕದ ವೂಸ್ಟರ್ ಊರಿನ ಎಸ್ತರ್ ಹೌಲಂಡ್ ಎಂಬ ಯುವತಿ 1840ರ ದಶಕದ ಕೊನೆಯಲ್ಲಿ ವ್ಯಾಲಂಟೈನ್ ಪತ್ರಗಳನ್ನು ಮಾಡತೊಡಗಿದಳು. ಲೇಸಿನಂತೆ ಕೊರೆದ ಕಾಗದವನ್ನು ಬಣ್ಣದ ಕಾಗದದ ಮೇಲೆ ಕೂಡಿಸಿ, ಎರಡರ ನಡುವೆ ಪುಟ್ಟ ಕಾಗದದ ಪಟ್ಟಿಯನ್ನು ಹಿಂದೆ ಮುಂದೆ ಮಡಿಸಿ ಇಟ್ಟರೆ, ಸ್ಪ್ರಿಂಗಿನಂತೆ ಮೇಲಿನ ಪದರ ಎದ್ದು ನಿಲ್ಲುತ್ತಿತ್ತು. ಇನ್ನೂರು ಡಾಲರಿನ ಬೇಡಿಕೆ ಬಂದೀತೆಂದುಕೊಂಡಿದ್ದವಳಿಗೆ, ಮಾದರಿಗಳನ್ನು ಹೊತ್ತು ಹೋದ ಸೋದರ ಐದು ಸಾವಿರಕ್ಕೂ ಮಿಕ್ಕಿದ ಬೇಡಿಕೆ ತಂದನೆಂಬುದು ಅಲ್ಲಿ ಮನೆಮಾತಾದ ಕಥೆ. ಮನೆಯಲ್ಲೇ ಗೆಳತಿಯರನ್ನು ಸಾಲಾಗಿ ಕೂರಿಸಿದಳು: ಒಬ್ಬಳು ಕತ್ತರಿಸಬೇಕು, ಮತ್ತೊಬ್ಬಳು ಅಂಟಿಸಬೇಕು. ಕೈಯಿಂದ ಮಾಡಿದ್ದು ನಿಜ. ಆದರೆ ಅದು ಕಳುಹಿಸುವವನ ಕೈಯಲ್ಲ. ಹೌಲಂಡಳ ಜಾಣ್ಮೆಯನ್ನು ನಾನು ಮೆಚ್ಚುತ್ತೇನೆ. ಮನಸ್ಸು ಮಾತ್ರ ಒಗಟಿನ ಚೀಲದ ಕಡೆಗೇ ವಾಲುತ್ತದೆ.

ನಮ್ಮ ನಾಡಿಗೂ ಮಡಿಸಿದ ಬರಹ ಹೊಸದಲ್ಲ. ಹುಣಿಸೆಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದ ಬಟ್ಟೆಯನ್ನು ಹಿಂದೆ ಮುಂದೆ ಮಡಿಸಿ, ಅದರ ಮೇಲೆ ಬಳಪದಿಂದ ಬರೆಯುತ್ತಿದ್ದ ಕಡತಗಳನ್ನು ಶೃಂಗೇರಿ ಮಠದ ಚರಿತ್ರೆಯನ್ನು ಓದಿದವರು ಬಲ್ಲರು. ಇಂದಿನ ಕಚೇರಿಯ ಕಡತದಲ್ಲಿ ಹೆಸರು ಉಳಿದಿದೆ, ಮಡಿಕೆ ಹೋಗಿದೆ. 1950ರಲ್ಲಿ ಬಂದ ಇನ್‌ಲ್ಯಾಂಡ್ ಲೆಟರಂತೂ ಲಕೋಟೆಗೂ ಹಿಂದಿನ ಆ ಹಳೆಯ ಉಪಾಯವೇ: ಕಾಗದವೇ ಹೊದಿಕೆ. ಆದರೆ ಒಳಗೆ ಏನನ್ನೂ ಇಡಕೂಡದೆಂದು ಅದರ ಮೇಲೆಯೇ ಅಚ್ಚಾಗಿರುತ್ತಿತ್ತು. ಬೇವಿನ ಹೂವಿಗೆ ಅಲ್ಲಿ ಎಡೆಯಿಲ್ಲ. ಅಕ್ಕ ಹೆಚ್ಚು ಹಣ ತೆತ್ತು ಲಕೋಟೆ ಹಾಕುತ್ತಿದ್ದುದು ಅದಕ್ಕಾಗಿ.

ಆಕೆಯ ಕೊನೆಯ ಲಕೋಟೆ ಬಂದ ದಿನ ನಾನು ಕಚೇರಿಗೆ ಹೊರಡುವ ಅವಸರದಲ್ಲಿದ್ದೆ. ಹೊಸಿಲಲ್ಲಿ ನಿಂತೇ ಪೊಟ್ಟಣದ ತುದಿ ಹಿಡಿದು ಹೊರಗೆಳೆದೆ. ಒಂದು ರೆಕ್ಕೆ ಹರಿದದ್ದು ಗೊತ್ತಾಯಿತು. ಆದರೂ ನಡುಮನೆಯ ಬೇವಿನ ಹೂವನ್ನೂ ಬೆಲ್ಲದ ಸಾಲನ್ನೂ ನೋಡಿ ನಕ್ಕು, ಎಲ್ಲವನ್ನೂ ಮೇಜಿನ ಖಾನೆಗೆ ಹಾಕಿ ಹೊರಟುಬಿಟ್ಟೆ. ಹಬ್ಬ ಕಳೆದು ಹದಿನೆಂಟನೆಯ ದಿನ ಭಾವನವರ ತಂತಿ ಬಂದಿತು. ಕರ್ಮಾಂತರಗಳೆಲ್ಲ ಮುಗಿದು ಊರಿಗೆ ಮರಳಿದ ಮೇಲೆ ಆ ಲಕೋಟೆಯನ್ನು ಕೊಡವಿದಾಗ ಹರಿದ ರೆಕ್ಕೆ ಕೆಳಗೆ ಬಿದ್ದಿತು. ಅದು ಮೂರನೆಯದು. ಆ ವರ್ಷ ಅದರಲ್ಲಿ ಬೈಗುಳವಿರಲಿಲ್ಲ. ‘ರಜೆಗೆ ಕಾಯಬೇಡ, ಈಗಲೇ ಒಮ್ಮೆ ಬಂದು ಹೋಗು’ ಎಂದು ಬರೆದಿದ್ದಳು.

ಆ ಹಾಳೆ ನನ್ನ ಕಿಟ್ಟೆಲ್ ನಿಘಂಟಿನ ನಡುವೆ ಇದೆ. ಒಂಬತ್ತು ಮನೆಗಳ ಗೆರೆಗಳು ಇನ್ನೂ ಮಾಸಿಲ್ಲ. ಹರಿದ ರೆಕ್ಕೆಯನ್ನು ಅದರ ಜಾಗದಲ್ಲಿಟ್ಟು, ಗೆರೆ ಹಿಡಿದು ಮತ್ತೆ ಮಡಿಸಲು ಎಷ್ಟೋ ಸಲ ನೋಡಿದ್ದೇನೆ. ಮೂರು ಮಡಿಕೆಗಳು ಒಂದರಡಿಗೊಂದು ಕೂರುತ್ತವೆ, ಇದೊಂದು ನಿಲ್ಲುವುದಿಲ್ಲ.