ಹಲ್ಲಿ ಬಿದ್ದ ಅಡುಗೆ ವಿಷವಾಗುತ್ತದೆಯೇ? ಗೋಡೆ ಮೇಲಿನ ಹಲ್ಲಿಯ ಬಗ್ಗೆ ಗೊತ್ತಿರಬೇಕಾದ ಸಂಗತಿಗಳು

ಸಾಂಬಾರಿನಲ್ಲಿ ಸತ್ತ ಹಲ್ಲಿ ಸಿಕ್ಕಿತು, ಊಟ ಮಾಡಿದ ಮಕ್ಕಳು ವಾಂತಿ ಮಾಡಿಕೊಂಡು ಆಸ್ಪತ್ರೆ ಸೇರಿದರು. ಇಂತಹ ಸುದ್ದಿಯನ್ನು ನಾವೆಲ್ಲ ಆಗಾಗ ಓದುತ್ತಿರುತ್ತೇವೆ. ಓದಿದ ಕೂಡಲೇ ಹೆಚ್ಚಿನವರು ಬರುವ ತೀರ್ಮಾನ ಒಂದೇ: ಹಲ್ಲಿ ವಿಷ, ಅದು ಬಿದ್ದ ಊಟವೂ ವಿಷ. ಆದರೆ ನಮ್ಮ ಮನೆಯ ಗೋಡೆ ಮೇಲೆ ಓಡಾಡುವ ಹಲ್ಲಿಯಲ್ಲಿ ವಿಷವೇ ಇಲ್ಲ. ಹಾಗಿದ್ದರೆ ಊಟ ಮಾಡಿದವರಿಗೆ ಹುಷಾರು ತಪ್ಪುವುದು ಏಕೆ? ಅದನ್ನು ತಿಳಿಯುವ ಮೊದಲು ದಿನವೂ ನೋಡುವ, ಆದರೆ ಹೆಚ್ಚೇನೂ ತಿಳಿಯದ ಈ ಪ್ರಾಣಿಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ.

ಹಲ್ಲಿ ಎಂಬ ಹೆಸರು

ತಮಿಳಿನಲ್ಲಿ ಪಲ್ಲಿ, ತೆಲುಗಿನಲ್ಲಿ ಬಲ್ಲಿ, ಕನ್ನಡದಲ್ಲಿ ಹಲ್ಲಿ. ಹಳಗನ್ನಡದ ಪಾಲು ಹಾಲಾದಂತೆ, ಪಾವು ಹಾವಾದಂತೆ ಇಲ್ಲಿಯೂ ಪಕಾರ ಹಕಾರವಾಗಿದೆ. ಇಂಗ್ಲಿಷಿನವರು ಹಲ್ಲಿಯನ್ನು ಗೆಕೊ ಎನ್ನುತ್ತಾರೆ. ಅದು ಮಲಯ ಭಾಷೆಯಿಂದ ಹೋದ ಪದ, ಹಲ್ಲಿಯ ಕೂಗನ್ನೇ ಅನುಕರಿಸಿ ಹುಟ್ಟಿದ್ದು. ನಮ್ಮ 'ಲೊಚಗುಟ್ಟು' ಕೂಡ ಹಾಗೆಯೇ ಸದ್ದಿನಿಂದ ಹುಟ್ಟಿದ ಮಾತು. ನಮ್ಮ ಮನೆಗಳ ಹಲ್ಲಿಗಳು ಹೆಮಿಡ್ಯಾಕ್ಟೈಲಸ್ ಎಂಬ ಕುಲಕ್ಕೆ ಸೇರಿದವು. ಗ್ರೀಕ್ ಮೂಲದ ಆ ಹೆಸರಿಗೆ 'ಅರ್ಧ ಬೆರಳು' ಎಂದು ಅರ್ಥ.

ಲೊಚಗುಟ್ಟಿದರೆ ನಿಜವೇ?

ಮಾತಿನ ನಡುವೆ ಹಲ್ಲಿ ಲೊಚಗುಟ್ಟಿದರೆ 'ನೋಡಿ, ಹಲ್ಲಿಯೂ ಹೌದು ಅಂತಿದೆ' ಎಂದು ಬೆರಳಿನಿಂದ ನೆಲ ಕುಟ್ಟುವ ರೂಢಿ ನಮ್ಮಲ್ಲಿದೆ. ಹಲ್ಲಿ ಮಾತಾಡುವುದೇನೋ ನಿಜ, ಆದರೆ ನಮ್ಮ ಜೊತೆಗಲ್ಲ. ಸರೀಸೃಪಗಳಲ್ಲಿ ಹೆಚ್ಚಿನವು ಮೂಕಪ್ರಾಣಿಗಳು. ಹೀಗೆ ಗಟ್ಟಿಯಾಗಿ ಕೂಗಬಲ್ಲವು ಕೆಲವೇ, ಅವುಗಳಲ್ಲಿ ಹಲ್ಲಿಯೂ ಒಂದು. ಒಂದರ ಹಿಂದೆ ಒಂದರಂತೆ ಬರುವ ಆ ಸದ್ದು 'ಇದು ನನ್ನ ಜಾಗ' ಎಂದು ಬೇರೆ ಹಲ್ಲಿಗಳಿಗೆ ಕೊಡುವ ಎಚ್ಚರಿಕೆ. ಸಂಗಾತಿಯನ್ನು ಕರೆಯಲೂ ಅದು ಕೂಗುತ್ತದೆ.

ಅಂಟಿಲ್ಲದೆ ಅಂಟುವ ಕಾಲು

ಹಲ್ಲಿಯ ಪಾದದಲ್ಲಿ ಅಂಟು ದ್ರವ ಇದೆ, ಅದು ವಿಷ ಎಂದು ನಂಬುವವರಿದ್ದಾರೆ. ವಾಸ್ತವದಲ್ಲಿ ಹಲ್ಲಿ ಗೋಡೆ ಹಿಡಿಯುವುದು ಗೋಂದಿನಂತಹ ಯಾವ ದ್ರವದಿಂದಲೂ ಅಲ್ಲ. ಅದರ ಬೆರಳುಗಳ ಅಡಿಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳಿವೆ. ಟೋಕೆ ಎಂಬ ದೊಡ್ಡ ಹಲ್ಲಿಯ ಒಂದೊಂದು ಪಾದದಲ್ಲಿ ಇಂತಹ ಸುಮಾರು 5 ಲಕ್ಷ ಕೂದಲುಗಳಿರುತ್ತವೆ, ಪ್ರತಿ ಕೂದಲಿನ ತುದಿಯೂ ನೂರಾರು ಕವಲಾಗಿ ಒಡೆದಿರುತ್ತದೆ. ಈ ತುದಿಗಳು ಗೋಡೆಗೆ ತೀರಾ ಹತ್ತಿರ ಬಂದಾಗ ಅಣುಗಳ ನಡುವೆ ವ್ಯಾನ್ ಡರ್ ವಾಲ್ಸ್ ಬಲ ಎಂಬ ಸೆಳೆತ ಉಂಟಾಗುತ್ತದೆ. ಒಂದು ಕೂದಲಿನ ಸೆಳೆತ ಬಹಳ ಕಡಿಮೆ. ಲಕ್ಷಾಂತರ ಸೇರಿದಾಗ ಹಲ್ಲಿಯ ಇಡೀ ಮೈಭಾರವನ್ನು ತಲೆಕೆಳಗಾಗಿ ಹೊರುವಷ್ಟಾಗುತ್ತದೆ.

ಈ ಹಿಡಿತಕ್ಕೆ ಹಲ್ಲಿ ಶಕ್ತಿ ಖರ್ಚು ಮಾಡಬೇಕಿಲ್ಲ. ಆಗಷ್ಟೇ ಸತ್ತ ಹಲ್ಲಿಯ ಕಾಲು ಕೂಡ ಜೀವಂತ ಹಲ್ಲಿಯ ಕಾಲಿನಷ್ಟೇ ಬಲವಾಗಿ ಅಂಟುತ್ತದೆ ಎಂದು ಅಮೆರಿಕದ ಸಂಶೋಧಕರು 2014ರಲ್ಲಿ ತೋರಿಸಿದರು. ಕಾಲು ಬಿಡಿಸಿಕೊಳ್ಳಲು ಅದು ಬೆರಳನ್ನು ತುದಿಯಿಂದ ಮೇಲಕ್ಕೆ ಸುರುಳಿ ಸುತ್ತುತ್ತದೆ, ನಾವು ಟೇಪನ್ನು ಒಂದು ತುದಿಯಿಂದ ಎಬ್ಬಿಸುವ ಹಾಗೆ.

ಇಷ್ಟಿದ್ದೂ ಹಲ್ಲಿ ಕೆಲವೊಮ್ಮೆ ಬೀಳುತ್ತದೆ. ಧೂಳು ಹಿಡಿದ ಅಥವಾ ಒದ್ದೆಯಾದ ಗೋಡೆಯಲ್ಲಿ ಹಿಡಿತ ತಪ್ಪಬಹುದು, ಹುಳದ ಮೇಲೆ ಎರಗುವಾಗ ಅಥವಾ ಒಂದರ ಜೊತೆ ಇನ್ನೊಂದು ಜಗಳಕ್ಕಿಳಿದಾಗ ಜಾರಬಹುದು. ಅದು ಎಲ್ಲಿ ಬಿದ್ದರೆ ಏನು ಫಲ ಎಂದು ಪಂಚಾಂಗಗಳಲ್ಲಿ ಪಟ್ಟಿಯೇ ಇರುತ್ತದೆ. ದೋಷ ಹೋಗಲೆಂದು ಕಂಚಿಯ ವರದರಾಜ ಪೆರುಮಾಳ್ ದೇವಸ್ಥಾನದ ಚಿನ್ನ, ಬೆಳ್ಳಿಯ ಹಲ್ಲಿಗಳನ್ನು ಮುಟ್ಟಿ ಬರುವವರೂ ಇದ್ದಾರೆ. ನಂಬಿಕೆ ಅವರವರಿಗೆ ಬಿಟ್ಟದ್ದು. ಮೈಮೇಲೆ ಬಿದ್ದ ಹಲ್ಲಿಯಿಂದ ಆರೋಗ್ಯಕ್ಕೆ ಅಪಾಯವಿಲ್ಲ, ಆ ಜಾಗವನ್ನು ಸೋಪು ಹಾಕಿ ತೊಳೆದುಕೊಂಡರೆ ಸಾಕು.

ಬಾಲ ಮತ್ತು ಕಣ್ಣು

ಹಲ್ಲಿಯ ಬಾಲದಲ್ಲಿ ವಿಷ ಇದೆ ಎಂಬುದು ಇನ್ನೊಂದು ನಂಬಿಕೆ. ಬಾಲದಲ್ಲಿ ಇರುವುದು ಕೊಬ್ಬು, ಆಹಾರ ಸಿಗದ ದಿನಗಳಿಗೆ ಕೂಡಿಟ್ಟ ಬುತ್ತಿ. ಶತ್ರು ಹಿಡಿದಾಗ ಬಾಲದ ಮೂಳೆಗಳಲ್ಲಿ ಮೊದಲೇ ಇರುವ ದುರ್ಬಲ ಗೆರೆಯಲ್ಲಿ ಅದು ತುಂಡಾಗುತ್ತದೆ. ತುಂಡಾದ ಬಾಲ ಒದ್ದಾಡುತ್ತಾ ಶತ್ರುವಿನ ಗಮನ ಸೆಳೆಯುವಷ್ಟರಲ್ಲಿ ಹಲ್ಲಿ ಓಡಿಹೋಗಿರುತ್ತದೆ. ಮತ್ತೆ ಬೆಳೆಯುವ ಬಾಲದಲ್ಲಿ ಮೂಳೆ ಇರುವುದಿಲ್ಲ, ಅದರ ಬದಲು ಮೃದ್ವಸ್ಥಿಯ ಕೊಳವೆ ಇರುತ್ತದೆ.

ಮನೆಹಲ್ಲಿಗೆ ಮುಚ್ಚುವ ರೆಪ್ಪೆಯೂ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಪೊರೆಯಿದ್ದು, ಅದರ ಮೇಲೆ ಕೂತ ಧೂಳನ್ನು ನಾಲಿಗೆಯಿಂದಲೇ ನೆಕ್ಕಿ ಒರೆಸಿಕೊಳ್ಳುತ್ತದೆ.

ಹಾಗಾದರೆ ವಿಷ ಎಲ್ಲಿದೆ?

ಮನೆಹಲ್ಲಿಗೆ ವಿಷದ ಹಲ್ಲಿಲ್ಲ, ವಿಷದ ಗ್ರಂಥಿಯೂ ಇಲ್ಲ. ಹಲ್ಲಿಗಳ ದೂರದ ನೆಂಟರ ಪೈಕಿ ವಿಷಕ್ಕೆ ಹೆಸರಾದವು ಗಿಲಾ ಮಾನ್‌ಸ್ಟರ್ ಮತ್ತು ಮಣಿಹಲ್ಲಿಗಳು. ಅವು ಇರುವುದು ಅಮೆರಿಕ, ಮೆಕ್ಸಿಕೊ ಕಡೆ. ನಮ್ಮ ಹಿತ್ತಲಿನಲ್ಲಿ ಹೊಳೆಯುವ ಮೈಯ ಹಾವುರಾಣಿಯನ್ನು ಕಂಡು ಜನ ಹೆದರುತ್ತಾರೆ, ಅದಕ್ಕೂ ವಿಷವಿಲ್ಲ.

ಹಾಗೆಂದು ಹಲ್ಲಿ ಬಿದ್ದ ಹಾಲನ್ನು ಸೋಸಿ ಕುಡಿಯಬಹುದು ಎಂದು ನಾವು ಹೇಳುತ್ತಿಲ್ಲ. ಹಲ್ಲಿಯ ಕರುಳಿನಲ್ಲಿ ಮತ್ತು ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಇದು ಜ್ವರ, ಹೊಟ್ಟೆನೋವು, ಭೇದಿ ತರುತ್ತದೆ. ಕುದಿಯುವ ಸಾಂಬಾರಿನಲ್ಲಿ ಅದು ಸಾಯುತ್ತದೆ. ಆದರೆ ಆರಿದ ಹಾಲು, ಮೊಸರು, ಅನ್ನ, ಚಟ್ನಿಗಳಲ್ಲಿ ಬದುಕಿ ಬೆಳೆಯಬಲ್ಲದು. ಆದ್ದರಿಂದ ಹಲ್ಲಿ ಬಿದ್ದ ಊಟವನ್ನು ಬಡಿಸದಿರುವುದೇ ಸರಿ.

ಗಡಿಯಾರ ನೋಡಿದರೆ ಕಾರಣ ತಿಳಿಯುತ್ತದೆ

ಸಾಲ್ಮೊನೆಲ್ಲಾ ಹೊಟ್ಟೆ ಸೇರಿದ ಮೇಲೆ ರೋಗದ ಲಕ್ಷಣ ಕಾಣಿಸಲು ಸಾಮಾನ್ಯವಾಗಿ 6ರಿಂದ 72 ಗಂಟೆ ಬೇಕು. ಆದರೆ ಹಲ್ಲಿ ಸಿಕ್ಕಿದ ಸುದ್ದಿಗಳಲ್ಲಿ ಊಟವಾಗಿ ಸ್ವಲ್ಪ ಹೊತ್ತಿಗೇ ವಾಂತಿ ಶುರುವಾಗಿರುತ್ತದೆ. ಇಷ್ಟು ಬೇಗ ವಾಂತಿ ಬರಲು ಬೇರೆ ಕಾರಣಗಳಿರಬೇಕು.

ಮೊದಲನೆಯದು ಅಸಹ್ಯ ಮತ್ತು ಭಯ. ತಿಂದ ಊಟದಲ್ಲಿ ಹಲ್ಲಿಯಿತ್ತು ಎಂದು ಗೊತ್ತಾದರೆ ಯಾರಿಗಾದರೂ ಹೊಟ್ಟೆ ತೊಳಸುತ್ತದೆ. ಪಕ್ಕದವರು ವಾಂತಿ ಮಾಡುವುದನ್ನು ಕಂಡರೆ ಇನ್ನೊಬ್ಬರಿಗೂ ಬರುತ್ತದೆ. ಇದು ನಾಟಕವಲ್ಲ. ವಾಂತಿ, ತಲೆಸುತ್ತು ಎಲ್ಲವೂ ನಿಜವಾದವು, ಅದಕ್ಕೆ ಹಲ್ಲಿಯ ವಿಷ ಕಾರಣವಲ್ಲ ಅಷ್ಟೆ.

ಎರಡನೆಯದು ಅಡುಗೆಯಲ್ಲಿ ಮೊದಲೇ ಸೇರಿದ್ದ ಬ್ಯಾಕ್ಟೀರಿಯಾದ ನಂಜು. ಅಡುಗೆಯವರ ಕೈಯ ಗಾಯದಿಂದ, ಮೂಗಿನಿಂದ ಊಟಕ್ಕೆ ಸೇರುವ ಸ್ಟ್ಯಾಫಿಲೊಕಾಕಸ್ ತಯಾರಿಸುವ ನಂಜು ಅರ್ಧ ಗಂಟೆಯಿಂದ 8 ಗಂಟೆಯೊಳಗೆ ವಾಂತಿ ಮಾಡಿಸುತ್ತದೆ. ಗಂಟೆಗಟ್ಟಲೆ ಹಾಗೆಯೇ ಇಟ್ಟ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಎಂಬ ಇನ್ನೊಂದು ಬ್ಯಾಕ್ಟೀರಿಯಾದ ನಂಜಿಗೆ 1ರಿಂದ 6 ಗಂಟೆ ಸಾಕು. ಈ ಎರಡೂ ನಂಜುಗಳು ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಅಪಾಯಕಾರಿ: ಕೀಟನಾಶಕ. 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಬಿಸಿಯೂಟ ಮಾಡಿದ 23 ಮಕ್ಕಳು ಸತ್ತರು. ಪರೀಕ್ಷೆ ಮಾಡಿದಾಗ ಮೊನೊಕ್ರೊಟೊಫಾಸ್ ಎಂಬ ಕೀಟನಾಶಕ ಪತ್ತೆಯಾಯಿತು. ಇಂತಹ ಸಂದರ್ಭದಲ್ಲಿ ಪಾತ್ರೆಯಲ್ಲಿ ಹಲ್ಲಿ ಕಂಡಿತೆಂದು ಅದರ ಮೇಲೆ ತಪ್ಪು ಹೊರಿಸಿ ಸುಮ್ಮನಾದರೆ ಏನಾಗುತ್ತದೆ ಎಂದು ಯೋಚಿಸಿ. ಡಾಕ್ಟರಿಗೆ ಸರಿಯಾದ ಸುಳಿವು ಸಿಗುವುದಿಲ್ಲ, ನಿಜವಾದ ಕಾರಣ ಅಡುಗೆಮನೆಯಲ್ಲೇ ಉಳಿದು ನಾಳೆಯ ಊಟಕ್ಕೂ ಸೇರುತ್ತದೆ.

ಊಟದಲ್ಲಿ ಹಲ್ಲಿ ಸಿಕ್ಕರೆ ಏನು ಮಾಡಬೇಕು?

- ಬಡಿಸುವುದನ್ನು ತಕ್ಷಣ ನಿಲ್ಲಿಸಿ. ಮನೆಯಲ್ಲಾದರೆ ಊಟವನ್ನು ಚೆಲ್ಲಿ. ಶಾಲೆ, ಹಾಸ್ಟೆಲ್, ಮದುವೆ ಮನೆಯಲ್ಲಾದರೆ ಸ್ವಲ್ಪ ಊಟವನ್ನು ಮುಚ್ಚಿದ ಡಬ್ಬಿಯಲ್ಲಿ ಪರೀಕ್ಷೆಗೆ ತೆಗೆದಿಡಿ.
- ತಿಂದವರಿಗೆ ಉಪ್ಪುನೀರು, ಹುಣಸೆನೀರು ಕುಡಿಸಿ ಬಲವಂತವಾಗಿ ವಾಂತಿ ಮಾಡಿಸಬೇಡಿ.
- ಮಕ್ಕಳ ಮುಂದೆ 'ವಿಷ' ಎಂದು ಕೂಗಾಡಬೇಡಿ. ಹುಷಾರು ತಪ್ಪಿದವರನ್ನು ಬೇರೆ ಕಡೆ ಮಲಗಿಸಿ.
- ಯಾರಿಗೆ, ಊಟವಾದ ಎಷ್ಟು ಹೊತ್ತಿಗೆ, ಏನು ಶುರುವಾಯಿತು ಎಂದು ಬರೆದಿಡಿ. ಡಾಕ್ಟರಿಗೆ ಇದು ದೊಡ್ಡ ಸಹಾಯ.
- ವಾಂತಿ, ಭೇದಿ ಆಗುತ್ತಿದ್ದರೆ ಓಆರ್‌ಎಸ್ ಪುಡಿಯನ್ನು ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಕಲಸಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ.
- ಮಲದಲ್ಲಿ ರಕ್ತ, ಜೋರು ಜ್ವರ, ಮಂಪರು, ಮೂತ್ರ ಕಡಿಮೆಯಾಗುವುದು ಕಂಡರೆ ಆಸ್ಪತ್ರೆಗೆ ಹೋಗಿ. ಕೂಸುಗಳು, ಗರ್ಭಿಣಿಯರು, ವಯಸ್ಸಾದವರ ವಿಷಯದಲ್ಲಿ ಕಾಯಬೇಡಿ.
- ಬಾಯಲ್ಲಿ ಜೊಲ್ಲು, ವಿಪರೀತ ಬೆವರು, ಕಣ್ಣಿನ ಪಾಪೆ ಕಿರಿದಾಗುವುದು, ಉಸಿರಾಡಲು ಕಷ್ಟ, ಇವು ಕೀಟನಾಶಕದ ಲಕ್ಷಣಗಳು. ಕೂಡಲೇ 108ಕ್ಕೆ ಕರೆ ಮಾಡಿ.

ಹಲ್ಲಿ ಬರದಂತೆ ಮಾಡುವುದು

ಹಲ್ಲಿ ಓಡಿಸಲು ಗೋಡೆಗೆ ನವಿಲುಗರಿ ಸಿಕ್ಕಿಸುವವರು, ಮೊಟ್ಟೆ ಚಿಪ್ಪು ಇಡುವವರು ಇದ್ದಾರೆ. ಹಲ್ಲಿ ಬರುವುದು ಹುಳ ತಿನ್ನಲು. ಅಡುಗೆಮನೆಯ ದೀಪವನ್ನು ಬೇಡದಾಗ ಆರಿಸಿ, ಕಿಟಕಿಗೆ ಜಾಲರಿ ಹಾಕಿಸಿ, ಜಿರಳೆ ಸೇರದಂತೆ ನೋಡಿಕೊಂಡರೆ ಹಲ್ಲಿಯೂ ಕಡಿಮೆಯಾಗುತ್ತದೆ. ತುದಿಯಲ್ಲಿ ಬಿಳಿ ಚುಕ್ಕೆಯಿರುವ ಕಪ್ಪು ಹಿಕ್ಕೆ ಕಂಡರೆ ಅದು ಹಲ್ಲಿಯದು, ಇಲಿಯ ಹಿಕ್ಕೆಗೆ ಆ ಬಿಳಿ ಇರುವುದಿಲ್ಲ. ಆ ಬಿಳಿಯ ಭಾಗ ಯೂರಿಕ್ ಆಮ್ಲ. ನೀರು ಉಳಿಸಲು ಹಲ್ಲಿ ಮೂತ್ರವನ್ನು ಹೀಗೆ ಗಟ್ಟಿಯಾಗಿ ಹೊರಹಾಕುತ್ತದೆ. ಕಂಡಲ್ಲಿ ಸೋಪುನೀರಿನಿಂದ ಒರೆಸಿ ಕೈ ತೊಳೆದುಕೊಳ್ಳಿ.

ಎಲ್ಲಕ್ಕಿಂತ ಸುಲಭದ ಉಪಾಯ ತಟ್ಟೆ ಮುಚ್ಚುವುದು. ಹಾಲಿಗೂ ಸಾಂಬಾರಿಗೂ ಮುಚ್ಚಳವಿದ್ದರೆ ಹಲ್ಲಿ ಬೀಳುವುದಿಲ್ಲ. ಮಾಡಿದ ಅಡುಗೆಯನ್ನು 2 ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡದೆ, ಬಿಸಿಬಿಸಿಯಾಗಿ ಅಥವಾ ಫ್ರಿಜ್ಜಿನಲ್ಲಿ ಇಟ್ಟರೆ ಹಲ್ಲಿಗಿಂತ ಹೆಚ್ಚಾಗಿ ಹೆದರಬೇಕಾದ ಬ್ಯಾಕ್ಟೀರಿಯಾಗಳೂ ದೂರವಿರುತ್ತವೆ.