ತುಡುವೆ ಜೇನು ಹೋಗಿ ಬಂದದ್ದು

1991–92ರ ದೊಡ್ಡ ಸುದ್ದಿಗಳೇನು ಎಂದು ಯಾರಾದರೂ ಕೇಳಿದರೆ ಕಾವೇರಿ ಗಲಭೆ ನೆನಪಾಗುತ್ತದೆ, ಆರ್ಥಿಕ ಉದಾರೀಕರಣ ನೆನಪಾಗುತ್ತದೆ, ಆಮೇಲೆ ಅಯೋಧ್ಯೆ. ಹೆಚ್ಚುಕಡಿಮೆ ಅದೇ ಹೊತ್ತಿಗೆ ದಕ್ಷಿಣ ಭಾರತದ ತುಡುವೆ ಜೇನುಪೆಟ್ಟಿಗೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಖಾಲಿಯಾದವು. ಕನ್ಯಾಕುಮಾರಿಯಿಂದ ಹಿಡಿದು ಕೇರಳ, ಕೊಡಗು, ಮಲೆನಾಡುಗಳವರೆಗೆ ಘಟ್ಟದ ಉದ್ದಕ್ಕೂ ನಡೆದ ಈ ಸಾವು ಯಾವ ಪತ್ರಿಕೆಯ ಮುಖಪುಟಕ್ಕೂ ಬರುವಂಥದ್ದಾಗಿರಲಿಲ್ಲ. ಜೇನು ಕೃಷಿಯ ಕೈಪಿಡಿಗಳಲ್ಲಿ ‘ರೋಗಗಳು’ ಎಂಬ ಅಧ್ಯಾಯದೊಳಗೆ ಒಂದು ಪ್ಯಾರಾ ಸಿಗುತ್ತದೆ. ನನ್ನ ಮಟ್ಟಿಗೆ ಅದು ಒಂದು ಪ್ಯಾರಾದ ವಿಷಯವಲ್ಲ. ಆ ಪ್ಯಾರಾದ ಹಿಂದೆ ಸುಮಾರು ಎಂಬತ್ತು ವರ್ಷಗಳ ಚರಿತ್ರೆ ಇದೆ.

ನಮ್ಮಲ್ಲಿ ಜೇನು ಎಂದರೆ ಒಂದೇ ಅಲ್ಲವಷ್ಟೆ. ಹೆಜ್ಜೇನು ಎತ್ತರದ ಕೊಂಬೆಗೆ, ಬಂಡೆಗೆ ಒಂದೇ ದೊಡ್ಡ ತಟ್ಟಿ ಕಟ್ಟಿ ಬಯಲಲ್ಲೇ ಇರುತ್ತದೆ. ಕೋಲುಜೇನು ಪೊದೆಯಲ್ಲಿ ಅಂಗೈಯಗಲದ ತಟ್ಟಿ ಕಟ್ಟುತ್ತದೆ. ಮುಜಂಟಿಗೆ ಗೋಡೆಯ ಸಂದಿ ಸಾಕು. ತುಡುವೆ ಮಾತ್ರ ಮರದ ಪೊಟರೆಯಂಥ ಕತ್ತಲ ಜಾಗ ಹುಡುಕಿ ಒಂದರ ಪಕ್ಕ ಒಂದರಂತೆ ನಾಲ್ಕಾರು ತಟ್ಟಿ ಕಟ್ಟುತ್ತದೆ. ಅದರ ಈ ಸ್ವಭಾವದಿಂದಾಗಿಯೇ ಅದನ್ನು ಪೆಟ್ಟಿಗೆಗೆ ತರಲು ಸಾಧ್ಯವಾಯಿತು. ಹೆಜ್ಜೇನನ್ನು ಈವರೆಗೂ ಯಾರೂ ಪೆಟ್ಟಿಗೆಯಲ್ಲಿ ಸಾಕಿ ಗೆದ್ದಿಲ್ಲ.

ಚೌಕಟ್ಟುಗಳನ್ನು ಎತ್ತಿ ನೋಡಬಹುದಾದ ಪೆಟ್ಟಿಗೆಯ ಗುಟ್ಟು ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿಗೆ 1851ರಲ್ಲಿ ಹೊಳೆಯಿತು. ತಟ್ಟಿಗಳ ನಡುವೆ, ಗೋಡೆಯ ಪಕ್ಕ ಸುಮಾರು 9 ಮಿಲಿಮೀಟರ್ ಜಾಗ ಬಿಟ್ಟರೆ ನೊಣಗಳು ಅದನ್ನು ಓಡಾಡುವ ದಾರಿ ಎಂದು ಬಿಡುತ್ತವೆ, ಮೇಣ ಹಾಕಿ ಮುಚ್ಚುವುದಿಲ್ಲ. ಆದರೆ ಅವನ ಲೆಕ್ಕ ಯುರೋಪಿನ ನೊಣದ್ದು. ನಮ್ಮ ತುಡುವೆ ಮೈಯಲ್ಲೂ ಚಿಕ್ಕದು, ಕುಟುಂಬದಲ್ಲೂ ಚಿಕ್ಕದು. 1880ರ ದಶಕದಲ್ಲಿ ಬಂಗಾಳದಲ್ಲಿ ಅಂಚೆ-ತಂತಿ ಇಲಾಖೆಯ ಡಗ್ಲಸ್ ಎಂಬ ಅಧಿಕಾರಿ ಪ್ರಯತ್ನಿಸಿ, ಪುಸ್ತಕವನ್ನೂ ಬರೆದ. ಕೆಲಸ ಕೈಗೂಡಿದ್ದು ದಕ್ಷಿಣದಲ್ಲಿ. 1910ರ ದಶಕದಲ್ಲಿ ಫಾದರ್ ನ್ಯೂಟನ್ ಎಂಬ ಪಾದ್ರಿ ತುಡುವೆಯ ಅಳತೆಗೆ ಸಣ್ಣ ಪೆಟ್ಟಿಗೆ ಮಾಡಿ, ಊರವರಿಗೆ ಕಲಿಸಿದರು. ಊರಿನ ಬಡಗಿ ಮಾಡಿಕೊಡಬಹುದಾದಷ್ಟು ಸರಳವಾಗಿದ್ದ ಆ ‘ನ್ಯೂಟನ್ ಪೆಟ್ಟಿಗೆ’ ಇಂದಿಗೂ ಬಳಕೆಯಲ್ಲಿದೆ. ಪಾದ್ರಿಗಳಿಗೂ ಜೇನಿಗೂ ಅದೇನು ನಂಟೋ!

ಆಮೇಲಿನದು ಬೇಗ ನಡೆಯಿತು. 1917ರಲ್ಲಿ ತಿರುವಾಂಕೂರು, 1925ರಲ್ಲಿ ಮೈಸೂರು, 1934ರಲ್ಲಿ ಕೊಡಗು ಜೇನು ಕೃಷಿಯನ್ನು ಸರ್ಕಾರಿ ಕೆಲಸವಾಗಿ ಎತ್ತಿಕೊಂಡವು. 1928ರಲ್ಲಿ ಕೃಷಿಯ ರಾಯಲ್ ಕಮಿಷನ್ ಇದು ಒಳ್ಳೆಯ ಗುಡಿ ಕೈಗಾರಿಕೆ ಎಂದಿತು. ಗಾಂಧೀಜಿಯ ಗ್ರಾಮೋದ್ಯೋಗ ಸಂಘದ ಪಟ್ಟಿಯಲ್ಲೂ ಜೇನು ಇತ್ತು. ಸಹಕಾರ ಸಂಘಗಳು ಹುಟ್ಟಿದವು, ಕೊಡಗಿನ ಜೇನುತುಪ್ಪಕ್ಕೆ ಹೆಸರು ಬಂತು. ಉತ್ತರ ಕನ್ನಡ ಇನ್ನೂ ಮುಂಬಯಿ ರಾಜ್ಯದಲ್ಲಿದ್ದ ಕಾಲಕ್ಕೆ, 1950ರ ದಶಕದ ಆರಂಭದಲ್ಲಿ, ಮಹಾಬಲೇಶ್ವರದಲ್ಲಿ ಜೇನಿನ ಪ್ರಯೋಗಾಲಯ ಶುರುವಾಯಿತು. 1962ರಲ್ಲಿ ಖಾದಿ ಗ್ರಾಮೋದ್ಯೋಗ ಆಯೋಗ ಪುಣೆಯಲ್ಲಿ ಕೇಂದ್ರೀಯ ಜೇನು ಸಂಶೋಧನಾ ಸಂಸ್ಥೆ ತೆರೆಯಿತು. ಗಣೇಶಖಿಂಡ ರಸ್ತೆಯಲ್ಲಿ ಓಡಾಡುವ ನಮ್ಮಂಥ ಪುಣೆ ಕನ್ನಡಿಗರು ಅದರ ಮುಂದೆಯೇ ಹಾದು ಹೋಗುತ್ತಿರುತ್ತೇವೆ.

ಈ ಚರಿತ್ರೆಯ ಕಾಗದಪತ್ರಗಳಲ್ಲಿ ಒಂದು ಅಭ್ಯಾಸ ಎದ್ದು ಕಾಣುತ್ತದೆ. ಎಲ್ಲೆಡೆ ಎಣಿಸಿರುವುದು ಎರಡನ್ನೇ, ಪೆಟ್ಟಿಗೆ ಎಷ್ಟು, ತುಪ್ಪ ಎಷ್ಟು. ನಮ್ಮ ಮನೆಯ ಲೆಕ್ಕದ ಪುಸ್ತಕವೂ ಹೀಗೇ ಇತ್ತು. ಶಿರಸಿ ಕಡೆಯ ಅಡಿಕೆ ತೋಟದ ಮನೆ ನಮ್ಮದು. ಅಪ್ಪಯ್ಯ ಹತ್ತು ಪೆಟ್ಟಿಗೆ ಇಟ್ಟಿದ್ದರು. ಯಾವ ಪೆಟ್ಟಿಗೆಯಿಂದ ಎಷ್ಟು ಕಿಲೋ, ಯಾವ ದರಕ್ಕೆ ಹೋಯಿತು, ಎಲ್ಲ ಬರೆದಿಡುತ್ತಿದ್ದರು. ತೋಟದ ನಡುವಿನ ಏಲಕ್ಕಿಯ ಲೆಕ್ಕ ಅದೇ ಪುಸ್ತಕದ ಬೇರೆ ಪುಟದಲ್ಲಿ. ಎರಡು ಪುಟಗಳ ನಡುವೆ ಸಂಬಂಧವಿದೆ ಎಂದು ಬರೆದಿಡಲು ಪುಸ್ತಕದಲ್ಲಿ ಕಾಲಮ್ಮೇ ಇರಲಿಲ್ಲ. ಏಲಕ್ಕಿ ಹೂವು ಒಂದು ದಿನದ್ದು. ಅದರ ಪರಾಗ ತಾನಾಗಿ ಹೆಣ್ಣು ತುದಿಗೆ ತಗಲುವಂತೆ ಹೂವಿನ ರಚನೆ ಇಲ್ಲ, ಯಾರಾದರೂ ಮುಟ್ಟಿಸಬೇಕು. ಹೂ ಹೆಚ್ಚಾಗಿ ಬಿಡುವುದು ಮಳೆಗಾಲದಲ್ಲಿ. ಆಗ ಹೆಜ್ಜೇನು ಬಹುಪಾಲು ಘಟ್ಟ ಬಿಟ್ಟು ಹೋಗಿರುತ್ತದೆ. ಮಳೆ ಬಿಟ್ಟ ಗಳಿಗೆ ನೋಡಿ ಹೊರಡುವುದು ತುಡುವೆಯೇ.

ರೋಗದ ಹೆಸರು ಥಾಯ್ ಸ್ಯಾಕ್‌ಬ್ರೂಡ್. 1976ರಲ್ಲಿ ಥಾಯ್ಲೆಂಡಿನ ತುಡುವೆಗಳಲ್ಲಿ ಕಂಡಿತು. ಎರಡು ವರ್ಷಕ್ಕೆ ನಮ್ಮ ಈಶಾನ್ಯದ ಬೆಟ್ಟಗಳಿಗೆ ಬಂತು. ಅಲ್ಲಿಂದ ಹಿಮಾಲಯದ ತಪ್ಪಲು ಹಿಡಿದು ಪಶ್ಚಿಮಕ್ಕೆ ಸಾಗಿತು. ದಕ್ಷಿಣಕ್ಕೆ ತಲುಪಲು ಹತ್ತಕ್ಕೂ ಹೆಚ್ಚು ವರ್ಷ ಬೇಕಾಯಿತು. ತಲುಪಿದ ಮೇಲೆ ಮಾತ್ರ ಎರಡು ವರ್ಷವೂ ಹಿಡಿಯಲಿಲ್ಲ.

ಇದು ದೊಡ್ಡ ನೊಣಗಳನ್ನು ಕಣ್ಣೆದುರು ಕೆಡವುವ ರೋಗವಲ್ಲ. ವೈರಸ್ ಮರಿಹುಳುವನ್ನು ಹಿಡಿಯುತ್ತದೆ. ಹುಳು ಬೆಳೆದು, ಕಟ್ಟಕಡೆಯ ಪೊರೆ ಕಳಚಿ ಕೋಶವಾಗಬೇಕಾದ ಹಂತದಲ್ಲಿ ಪೊರೆ ಕಳಚುವುದಿಲ್ಲ. ಮೈಗೂ ಪೊರೆಗೂ ನಡುವೆ ನೀರು ತುಂಬಿಕೊಳ್ಳುತ್ತದೆ. ಚಿಮಟದಿಂದ ಎತ್ತಿದರೆ ಸಣ್ಣ ನೀರಿನ ಚೀಲದಂತೆ ನೇತಾಡುತ್ತದೆ. ಸತ್ತ ಹುಳುವನ್ನು ಎಳೆದು ಹಾಕುವ ದಾದಿ ನೊಣಗಳಿಗೆ ವೈರಸ್ ಅಂಟುತ್ತದೆ, ಅವೇ ಮುಂದಿನ ಮರಿಗಳಿಗೆ ಉಣಿಸುತ್ತವೆ. ಗೂಡು ಚೊಕ್ಕಟ ಮಾಡುವ ಕೆಲಸವೇ ರೋಗ ಹಂಚುವ ಕೆಲಸವಾಗುತ್ತದೆ. ಕೆಲಸಗಾರ ನೊಣದ ಆಯುಷ್ಯ ದುಡಿಮೆಯ ಕಾಲದಲ್ಲಿ ಒಂದೂವರೆ ತಿಂಗಳಿನ ಆಸುಪಾಸು. ಹೊಸವು ಹುಟ್ಟದಿದ್ದರೆ ಕುಟುಂಬ ಸವೆಯುತ್ತದೆ. ತುಡುವೆಗೆ ಇನ್ನೊಂದು ಗುಣ, ತೊಂದರೆಯಾದರೆ ಗೂಡನ್ನೇ ಬಿಟ್ಟು ಹೊರಡುವುದು. ಹಾಗೆ ಹೋದಾಗ ರೋಗವೂ ಜತೆಗೆ ಹೋಗುತ್ತದೆ.

ವೈರಸ್ಸಿಗೆ ಔಷಧವಿಲ್ಲ. ಕೆಲವು ದಿನ ರಾಣಿಯನ್ನು ಪಂಜರದಲ್ಲಿಟ್ಟು ಮೊಟ್ಟೆ ನಿಲ್ಲಿಸುವುದು, ಕೆಟ್ಟ ತಟ್ಟಿ ಸುಡುವುದು, ಕುಟುಂಬವನ್ನು ಬಲವಾಗಿಟ್ಟುಕೊಳ್ಳುವುದು, ಇಷ್ಟೇ ಉಪಾಯ. ಅಪ್ಪಯ್ಯ ಮೂರನ್ನೂ ಮಾಡಿದರು. ಬೆಳಿಗ್ಗೆ ಪೆಟ್ಟಿಗೆಯ ಬಾಗಿಲ ಕೆಳಗೆ ಬಿಳಿ ಹುಳುಗಳು ಬಿದ್ದಿರುತ್ತಿದ್ದವು, ಇರುವೆ ಸಾಲು ಹಿಡಿದಿರುತ್ತಿತ್ತು. ಆರು ತಿಂಗಳಲ್ಲಿ ಹತ್ತೂ ಪೆಟ್ಟಿಗೆ ಮುಗಿದವು. ಪುಸ್ತಕದಲ್ಲಿ ಆ ವರ್ಷದ ಪುಟಕ್ಕೆ ಅಡ್ಡಗೆರೆ ಹಾಕಿ, ‘ಹುಳ ಇಲ್ಲ’ ಎಂದು ಬರೆದಿದ್ದಾರೆ.

ರೋಗ ಇಷ್ಟು ವೇಗವಾಗಿ ಹರಡಿದ್ದರಲ್ಲಿ ನಮ್ಮ ಕೈಯೂ ಇದೆ ಎಂಬುದು ನನ್ನ ಎಣಿಕೆ. ಮೇವು ಹುಡುಕಿಕೊಂಡು ತುಡುವೆ ಗೂಡಿನಿಂದ ತೀರ ದೂರ ಹಾರುವುದಿಲ್ಲ. ಆದರೆ ರಬ್ಬರ್ ಮರ ಚಿಗುರೊಡೆದು ಎಲೆ ತೊಟ್ಟಿನಲ್ಲಿ ಸಿಹಿ ಒಸರುವ ಕಾಲಕ್ಕೆ ಪೆಟ್ಟಿಗೆಗಳು ಲಾರಿಯಲ್ಲಿ ರಬ್ಬರ್ ತೋಟಗಳಿಗೆ ಹೋಗುತ್ತಿದ್ದವು. ಒಂದೇ ತೋಟದಲ್ಲಿ ಹತ್ತಾರು ಊರಿನ ನೂರಾರು ಕುಟುಂಬ. ತುಪ್ಪದ ಇಳುವರಿಗೆ ಇದಕ್ಕಿಂತ ಒಳ್ಳೆಯ ವ್ಯವಸ್ಥೆ ಇಲ್ಲ, ಅಂಟುರೋಗಕ್ಕೂ ಅಷ್ಟೆ. ಪೊಟರೆಯ ಜೇನುಗಳು ಹೀಗೆ ಒತ್ತೊತ್ತಾಗಿ ಬದುಕುವುದಿಲ್ಲ.

ಸರ್ಕಾರಗಳು ಕಂಡುಕೊಂಡ ಪರಿಹಾರ ಯುರೋಪಿನ ನೊಣ, ಮೆಲ್ಲಿಫೆರಾ. 1962ರಲ್ಲಿ ಪಂಜಾಬ್ ಕೃಷಿ ವಿಶ್ವವಿದ್ಯಾಲಯದ ಅಟ್ವಾಲ್ ಅವರ ತಂಡ ನಗ್ರೋಟಾದಲ್ಲಿ, ಈಗಿನ ಹಿಮಾಚಲದಲ್ಲಿ, ಅದನ್ನು ನೆಲೆಗೊಳಿಸಿತ್ತು. ಸಾಸಿವೆ, ಸೂರ್ಯಕಾಂತಿ ಬೆಳೆಯುವ ಬಯಲಿನಲ್ಲಿ ಅದು ಗೆದ್ದದ್ದು ನಿಜ, ತುಪ್ಪವೂ ತುಡುವೆಗಿಂತ ಎಷ್ಟೋ ಪಾಲು ಹೆಚ್ಚು. ಘಟ್ಟದ ಮಳೆಗಾಲಕ್ಕೆ ಮಾತ್ರ ಅದು ಹೊಂದಲಿಲ್ಲ. ತಿಂಗಳುಗಟ್ಟಲೆ ಸಕ್ಕರೆ ಪಾಕ ಕುಡಿಸಬೇಕು, ವರೋವಾ ಎಂಬ ನುಸಿಗೆ ಮದ್ದು ಹಾಕುತ್ತಲೇ ಇರಬೇಕು. ವಿಚಿತ್ರವೆಂದರೆ ಈ ವರೋವಾ ಮೂಲತಃ ತುಡುವೆ ಜಾತಿಯದೇ ನುಸಿ. ತುಡುವೆಗಳು ಅದನ್ನು ಒಂದರ ಮೈಯಿಂದ ಒಂದು ಹೆಕ್ಕಿ ತೆಗೆಯುತ್ತ ಅದರೊಡನೆ ಬಾಳಲು ಕಲಿತಿವೆ. ಏಷ್ಯಾದಲ್ಲಿ ಎರಡೂ ಜೇನು ಜತೆಗಿರಿಸಿದಾಗ ಅದು ಮೆಲ್ಲಿಫೆರಾಕ್ಕೆ ದಾಟಿ ಲೋಕವೆಲ್ಲ ಹರಡಿತು. ಯುರೋಪು, ಅಮೆರಿಕಗಳ ಜೇನು ಸಾಕಣೆ ಇವತ್ತಿಗೂ ಅದರಿಂದ ನರಳುತ್ತಿದೆ.

ತುಡುವೆ ಮರಳಿತು. ಅದನ್ನು ಯಾವ ಯೋಜನೆಯೂ ಮರಳಿಸಲಿಲ್ಲ. ರೋಗ ತಡೆದು ಉಳಿದ ಅಷ್ಟಿಷ್ಟು ಕುಟುಂಬಗಳು ಪಾಲಾಗುತ್ತ ಬಂದವು. 90ರ ದಶಕ ಮುಗಿಯುವ ಹೊತ್ತಿಗೆ ಹಳೆಯ ಸಾಕಣೆದಾರರು ಮರದ ಪೊಟರೆ, ಹುತ್ತ, ಕಲ್ಲುಗೋಡೆಗಳಿಂದ ಜೇನು ಹಿಡಿದು ತಂದು ಮತ್ತೆ ಪೆಟ್ಟಿಗೆ ತುಂಬತೊಡಗಿದರು. ಅಪ್ಪಯ್ಯನಿಗೆ ಮೊದಲ ಕುಟುಂಬ ಸಿಕ್ಕಿದ್ದು ನಮ್ಮ ಸೊಪ್ಪಿನ ಬೆಟ್ಟದ ಒಂದು ಹಳೆಯ ಮತ್ತಿ ಮರದ ಬುಡದಲ್ಲಿ. ಎಂಬತ್ತು ವರ್ಷ ಪೆಟ್ಟಿಗೆ ಎಣಿಸಿದೆವು. ಪೆಟ್ಟಿಗೆ ಬರಿದಾದಾಗ ಕೈ ಹಿಡಿದದ್ದು ಯಾರೂ ಎಣಿಸದೇ ಬಿಟ್ಟ ಜೇನು. ವೈರಸ್ ಈಗಲೂ ಇದೆ, ಆಗಾಗ ತಲೆ ಎತ್ತುತ್ತದೆ. ಮುಂದಿನ ಸಲವೂ ಬೀಜ ಬೇಕಾದರೆ ಅಲ್ಲಿಂದಲೇ ಬರಬೇಕು.

ಎಣಿಕೆಯ ಅಭ್ಯಾಸ ಬದಲಾಗಿಲ್ಲ. 2020ರಲ್ಲಿ ಕೇಂದ್ರ ಸರ್ಕಾರ 500 ಕೋಟಿ ರೂಪಾಯಿಯ ರಾಷ್ಟ್ರೀಯ ಜೇನು ಮಿಷನ್ ಘೋಷಿಸಿತು. ‘ಸಿಹಿ ಕ್ರಾಂತಿ’ ಎಂದು ಅದಕ್ಕೆ ಹೆಸರು. ಪರಾಗಸ್ಪರ್ಶದ ಮಾತು ಅದರಲ್ಲಿ ಇದೆ, ಅದು ಒಳ್ಳೆಯದೇ. ಆದರೂ ಸಾಧನೆ ಎಂದು ತೋರಿಸುವಾಗ ಬರುವುದು ಹಂಚಿದ ಪೆಟ್ಟಿಗೆ, ರಫ್ತಾದ ಟನ್ನು. ಪೊಟರೆಯಿರುವ ಮರಕ್ಕೆ ಇಲಾಖೆಯ ಭಾಷೆಯಲ್ಲಿ ಬೆಲೆಯಿಲ್ಲ, ಅದು ನಾಟಕ್ಕೆ ಬಾರದ ಮರ. ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಅದೇ. ನಮ್ಮ ಕಡೆ ಬೋಳಾದ ಬೆಟ್ಟಗಳಿಗೆ ಅಕೇಶಿಯಾ ಬಂತು, ಪೊಟರೆ ಬೀಳುವಷ್ಟು ವಯಸ್ಸಾಗುವ ಮೊದಲೇ ಅದನ್ನು ಕಡಿಯುತ್ತಾರೆ. ಕೊಡಗಿನ ಕಾಫಿ ತೋಟಗಳಲ್ಲಿ ಕಾಡುಮರದ ನೆರಳು ತೆಗೆದು ಸಿಲ್ವರ್ ಓಕ್ ನಿಲ್ಲಿಸುತ್ತಿರುವುದು ಎಲ್ಲರಿಗೂ ಗೊತ್ತು. ಅರೇಬಿಕಾಕ್ಕೆ ತನ್ನದೇ ಪರಾಗ ಸಾಕು. ರೊಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಬೇಕು. ಹೂಮಳೆ ಬಿದ್ದ ಕೆಲವೇ ದಿನಗಳಲ್ಲಿ ಇಡೀ ತೋಟ ಬೆಳ್ಳಗೆ ಅರಳಿ, ಒಂದೆರಡು ದಿನಕ್ಕೆ ಬಾಡುತ್ತದೆ. ಅಷ್ಟರೊಳಗೆ ಹೆಜ್ಜೇನು, ತುಡುವೆ, ಮುಜಂಟಿ ಬಂದು ಹೋಗಬೇಕು. ಇವು ತೋಟದ ಸಂಬಳದವಲ್ಲ, ಪಕ್ಕದ ಕಾಡಿನವು.

ಅಪ್ಪಯ್ಯನಿಗೆ ಈಗ 81. ಪೆಟ್ಟಿಗೆ ನಾಲ್ಕಕ್ಕೆ ಇಳಿದಿದೆ. ಕಳೆದ ವರ್ಷ ಊರಿಗೆ ಹೋದಾಗ ಲೆಕ್ಕದ ಪುಸ್ತಕ ತೆಗೆದು ನೋಡಿದೆ. ತುಪ್ಪದ ಪುಟದ ಹಿಂದೆ, ನಡುಗುವ ಅಕ್ಷರದಲ್ಲಿ ಮತ್ತೊಂದು ಪಟ್ಟಿ ಶುರುವಾಗಿತ್ತು: ಮತ್ತಿ, ಹೊನ್ನೆ, ಗುಡಿಯ ಹಿಂದಿನ ಗೋಡೆ, ಹೊಳೆದಂಡೆಯ ನೇರಳೆ. ಒಂದೊಂದರ ಮುಂದೆಯೂ ‘ಇದೆ’ ಅಥವಾ ‘ಇಲ್ಲ’. ಹೊನ್ನೆಯ ಮುಂದೆ ‘ಮರವೇ ಇಲ್ಲ’ ಎಂದಿತ್ತು.